ದಹಬ್ ಸುತ್ತಿದ ಕಲ್ಲು

ದಹಬಳಿಗೆ ಬಾಯಿ ಜೋರು ಎಂದು ನಮ್ಮ ನಗಾ ಸಿದ್ರ ಊರಿನ ಗಂಡಸರೆಲ್ಲ ಹೇಳುತ್ತಾರೆ. ಆದರೆ ಅವಳ ಎದುರಿಗೆ ನಿಂತು ಹಾಗೆ ಹೇಳಿದವನನ್ನು ನಮ್ಮೂರು ಇನ್ನೂ ಕಂಡಿಲ್ಲ. ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತು ಅವಳು ಕಾಲುವೆ ಏರಿಯ ಮೇಲೆ ಬರುತ್ತಿದ್ದರೆ ಚಹಾದಂಗಡಿಯಲ್ಲಿ ಕಾಲು ಚಾಚಿ ಕೂತವರು ಮೆಲ್ಲಗೆ ಕಾಲು ಮಡಚಿಕೊಳ್ಳುತ್ತಾರೆ. ಹಿಟ್ಟು ನಾದಿ, ಮಣ್ಣಿನ ತಟ್ಟೆಗಳ ಮೇಲೆ ಬಿಸಿಲಿಗಿಟ್ಟು ಉಬ್ಬಿಸಿ, ಒಲೆಯಲ್ಲಿ ಸುಟ್ಟು ಮನೆಮನೆಗೆ ಕೊಡುವುದು ಅವಳ ಕಸುಬು. ಮದುವೆಯಿರಲಿ, ಸಾವಿರಲಿ, ರೊಟ್ಟಿ ದಹಬಳದೇ ಆಗಬೇಕು. ಹಾಗಾಗಿ ಅವಳ ಬಾಯಿಗೆ ಹೆದರುವವರೂ ಅವಳ ಕೈಗೆ ಶರಣು.

ಹೆಂಗಸರಿಗೆ ಅವಳು ಬೇಕಾಗುವುದು ಇನ್ನೊಂದು ಕೆಲಸಕ್ಕೆ. ಊರಿನ ಹಿಂದೆ, ಕಬ್ಬಿನ ಗದ್ದೆ ಮುಗಿದು ಮರಳು ಶುರುವಾಗುವಲ್ಲಿ, ಫರೋಗಳ ಕಾಲದ ಗುಡಿಯೊಂದು ಅರ್ಧ ಬಿದ್ದು ಅರ್ಧ ನಿಂತಿದೆ. ಸರ್ಕಾರದವರು ಅದಕ್ಕೆ ಉದ್ದದ ಹೆಸರೊಂದನ್ನು ಇಟ್ಟಿದ್ದಾರೆ. ನಮಗೆ ಅದು ಬಿರ್ಬಾ, ನಮ್ಮ ಅಜ್ಜಿಯರಿಗೂ ಬಿರ್ಬಾ. ಅದರ ಅಂಗಳದಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತ ಒಂದು ಕಪ್ಪು ಕಲ್ಲಿನ ವಿಗ್ರಹವಿದೆ. ತಲೆ ಎಂದೋ ಹೋಗಿದೆ, ಎದೆಯ ಭಾಗ ಸವೆದು ನುಣ್ಣಗಾಗಿದೆ. ಹೆಂಗಸರು ಅದನ್ನು ಸಿತ್ತಿ ಎನ್ನುತ್ತಾರೆ. ಅಂದರೆ ನಮ್ಮೊಡತಿ, ನಮ್ಮಮ್ಮ.

ಹೊಸ ಮದುಮಗಳ ಕೋಣೆಗೆ ಮೊದಲ ತಿಂಗಳಲ್ಲಿ ಯಾರೆಂದರೆ ಅವರು ನುಗ್ಗಬಾರದು. ಆಗತಾನೇ ಕ್ಷೌರ ಮಾಡಿಸಿಕೊಂಡವನು, ಹಸಿ ಮಾಂಸ ಹಿಡಿದವನು, ಕಪ್ಪು ಬದನೆಕಾಯಿ ಹೊತ್ತವಳು, ಇಂಥವರು ಹೊಸ್ತಿಲು ದಾಟಿದರೆ ಆ ಹುಡುಗಿಯ ಹೊಟ್ಟೆ ಕಟ್ಟಿಹೋಗಿ ಮಕ್ಕಳಾಗುವುದಿಲ್ಲ. ಇದಕ್ಕೆ ಮುಶಾಹರಾ ಎನ್ನುತ್ತಾರೆ. ಬಿಡಿಸಬೇಕಾದರೆ ಶುಕ್ರವಾರ ಗಂಡಸರೆಲ್ಲ ಮಸೀದಿಯಲ್ಲಿರುವ ಹೊತ್ತಿಗೆ ಬಿರ್ಬಾಕ್ಕೆ ಹೋಗಿ ಸಿತ್ತಿಗೆ ಏಳು ಸುತ್ತು ಬರಬೇಕು. ಇದು ತಪ್ಪು ಎಂದು ಇಮಾಮರು ಎಷ್ಟೋ ಸಲ ಉಪದೇಶ ಮಾಡಿದ್ದಾರೆ. ಅವರು ಉಪದೇಶ ಮಾಡುವ ಹೊತ್ತಿಗೆ ಕೇಳಬೇಕಾದವರೆಲ್ಲ ಬಿರ್ಬಾದಲ್ಲಿರುತ್ತಾರೆ, ಏನು ಮಾಡುವುದು!

ಸುತ್ತು ಹಾಕಿಸುವವಳು ದಹಬ್. ಅವಳಿಗೆ ಆ ಕಲ್ಲಿನ ಮೇಲೆ ಎಷ್ಟು ನಂಬಿಕೆಯಿತ್ತೋ ಹೇಳುವುದು ಕಷ್ಟ. ಮುಶಾಹರಾದ ಮೇಲಂತೂ ಪೂರ್ತಿ ನಂಬಿಕೆ. ಏಕೆಂದರೆ ಅದರಲ್ಲಿ ತಪ್ಪು ಹೆಣ್ಣಿನದಲ್ಲ, ಹೊಸ್ತಿಲು ದಾಟಿ ಬಂದವರದು. ಬಂಜೆ ಎಂಬ ಮಾತು ಯಾರ ಬಾಯಿಗಾದರೂ ಬರುವ ಮೊದಲೇ ಯಾರು ಬಂದರು, ಏನು ಹಿಡಿದು ಬಂದರು ಎಂಬ ವಿಚಾರಣೆ ಶುರುವಾಗುತ್ತದೆ. ಸುತ್ತು ಹಾಕಿದ ಮೇಲೆ ಕೆಲವು ತಿಂಗಳು ಕಾಯಲೇಬೇಕು. ಅಷ್ಟರವರೆಗೆ ಯಾವ ಅತ್ತೆಯೂ ಮಗನಿಗೆ ಇನ್ನೊಂದು ಹೆಣ್ಣು ನೋಡುವಂತಿಲ್ಲ. ಎಷ್ಟೋ ಹುಡುಗಿಯರು ಆ ಬಿಡುವಿನಲ್ಲೇ ಬಸುರಾಗಿ ಬಚಾವಾದರು.

ದಹಬಳಿಗೆ ಮಾತ್ರ ಅದು ಒದಗಲಿಲ್ಲ. ಅವಳ ಗಂಡ ಗಾದ್, ಊರಿನಲ್ಲಿ ದೊಡ್ಡ ಹೆಸರಿದ್ದವನು. ಮದುವೆಯಾದ ಮೇಲೆ ಅವಳು ಬಿರ್ಬಾಕ್ಕೆ ಹೋದದ್ದೇ ಹೋದದ್ದು, ಅಂಗಳದ ಕಲ್ಲೂ ಸವೆಯುವಷ್ಟು ಸುತ್ತಿದ್ದೇ ಸುತ್ತಿದ್ದು. ಕೊನೆಗೆ ಗಾದನ ತಂಗಿ ಸತೂತಾ ಅಣ್ಣನಿಗೆ ಬೇರೆ ಹೆಣ್ಣು ಗೊತ್ತುಮಾಡಿದಳು. ದಹಬ್ ತನ್ನ ಪೆಟ್ಟಿಗೆ ಹೊತ್ತು ತಮ್ಮನ ಮನೆಯ ಪಕ್ಕದ ಒಂದು ಕೋಣೆಗೆ ಬಂದಳು. ಎರಡನೆಯವಳ ತೊಟ್ಟಿಲೂ ತೂಗಲಿಲ್ಲ. ಮೂರನೆಯವಳು ಬಂದಳು, ಅವಳದೂ ಅಷ್ಟೇ. ಗಾದ್ ಹಜ್‌ಗೆ ಹೋಗಿಬಂದು, ಹಾಜಿ ಎನಿಸಿಕೊಂಡು ತೀರಿಕೊಂಡ. ಒಳ್ಳೆಯ ಮನುಷ್ಯ, ಪಾಪ, ಹುಡುಕಿ ಹುಡುಕಿ ಮೂವರು ಬಂಜೆಯರೇ ಸಿಕ್ಕರಲ್ಲ ಎಂದು ಊರು ಮರುಗಿತು. ಮರುಗುವುದರಲ್ಲಿ ನಮ್ಮೂರು ಎತ್ತಿದ ಕೈ. ಯೋಚನೆ ಮಾಡುವುದು ಮಾತ್ರ ಆಗುವುದಿಲ್ಲ.

ರಾವಿಯಾ ಬಂದು ದಹಬಳ ಒಲೆಯ ಮುಂದೆ ಕೂತದ್ದು ಕಬ್ಬಿನ ಕಟಾವು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಇವಳು ಆ ಸತೂತಾಳ ಸೊಸೆ. ಹೊರಗಿನ ಊರಿನ ಹುಡುಗಿ, ಶಾಲೆಗೆ ಹೋದವಳು, ಮಾತು ಕಡಿಮೆ.

"ಏನೇ, ಹೊಗೆಗೆ ಕಣ್ಣೀರು ಬಂತಾ, ಇಲ್ಲಾ ಮನೆಯಿಂದಾನೇ ತಂದ್ಯಾ?" ಎಂದಳು ದಹಬ್.

"ಅತ್ತೆ ಇಸ್ನಾದಲ್ಲಿ ಹುಡುಗಿ ನೋಡಿದಾರೆ, ಖಾಲಾ. ಕಟಾವು ಮುಗಿದ ತಕ್ಷಣ ನಿಕಾ ಅಂತೆ. ನಾನು ಬೇಕಾದ್ರೆ ಒಂದು ಮೂಲೇಲಿ ಬಿದ್ದಿರ್ಬೋದಂತೆ, ಇಲ್ಲಾ ಅಪ್ಪನ ಮನೆಗೆ ಹೋಗ್ಬೋದಂತೆ."

"ನಿನ್ನ ಗಂಡ ಏನಂತಾನೆ?"

"ಅವರು ಏನೂ ಅನ್ನಲ್ಲ. ಪಿಕಪ್ ತೊಳೀತಾ ಇರ್ತಾರೆ."

"ತೊಳೀಲಿ ಬಿಡು. ಹೆಸರು ನೋಡಿದ್ರೆ ಖಲಫ್, ವಂಶ ಬೆಳೆಸೋನು. ಕೆಲಸ ನೋಡಿದ್ರೆ ಗಾಡಿ ತೊಳೆಯೋದು."

ರಾವಿಯಾಳಿಗೆ ಅಳುವಿನ ನಡುವೆಯೇ ನಗು ಬಂತು. ದಹಬಳಿಗೆ ಬರಲಿಲ್ಲ. ಹೋದ ವರ್ಷವೇ ಈ ಹುಡುಗಿಯ ವಿಷಯದಲ್ಲಿ ದೊಡ್ಡ ವಿಚಾರಣೆ ನಡೆದಿತ್ತು. ಸತೂತಾಳ ಅಂಗಳದಲ್ಲಿ, ಅಕ್ಕಪಕ್ಕದ ಹೆಂಗಸರ ಮುಂದೆ, ದಹಬ್ ಒಬ್ಬೊಬ್ಬರನ್ನೇ ಕೇಳುತ್ತ ಹೋಗಿ ಕೊನೆಗೆ ಹೊರಗೆ ಬಂದದ್ದೇನೆಂದರೆ, ಮದುವೆಯ ವಾರದಲ್ಲಿ ಗದ್ದೆಯಿಂದ ಬದನೆಕಾಯಿ ಬುಟ್ಟಿ ಹೊತ್ತು ಸೀದಾ ಮದುಮಗಳ ಕೋಣೆಗೆ ನುಗ್ಗಿದವಳು ಸ್ವತಃ ಅತ್ತೆಯೇ! "ಅದು ಬಿಳಿ ಬದನೆ!" ಎಂದು ಸತೂತಾ ಆಣೆಯಿಟ್ಟಳು. "ಕಪ್ಪೇ ಕಣಮ್ಮ, ಹುಳಿ ಮಾಡಿ ನಮ್ಮನೆಗೂ ಕೊಟ್ಟಿದ್ದೆ, ತಿಂದಿದೀನಿ" ಎಂದಳು ಪಕ್ಕದ ಮನೆಯವಳು. ಸುತ್ತು ಹಾಕಿಸಿದ್ದಾಯಿತು, ಕಾದದ್ದಾಯಿತು. ಫಲ ಮಾತ್ರ ಕಾಣಲಿಲ್ಲ. ಅಂಗಳದಲ್ಲಾದ ಅವಮಾನವನ್ನು ಸತೂತಾ ಮರೆಯಲಿಲ್ಲ. ಅಣ್ಣನ ಮನೆಯಲ್ಲಿ ಮಾಡಿದ್ದನ್ನೇ ಈಗ ಮಗನ ಮನೆಯಲ್ಲಿ ಮಾಡಲು ಹೊರಟಿದ್ದಳು.

"ಇನ್ನೊಂದ್ಸಲ ಸುತ್ತು ಹಾಕ್ಸಿ ಖಾಲಾ," ಎಂದಳು ರಾವಿಯಾ. "ಸುತ್ತು ಹಾಕಿದೋಳ ಮೇಲೆ ಸವತಿ ತರೋಕೆ ಊರು ಬಿಡಲ್ಲ. ಮುಂದಿನ ಬೆಳೆವರೆಗಾದ್ರೂ ಉಸಿರಾಡ್ತೀನಿ."

ಆ ಶುಕ್ರವಾರ ದಹಬ್ ಅವಳನ್ನೂ ಇನ್ನೂ ನಾಲ್ಕಾರು ಹೆಂಗಸರನ್ನೂ ಕಟ್ಟಿಕೊಂಡು ಬಿರ್ಬಾಕ್ಕೆ ಹೋದರೆ ಅಲ್ಲಿ ಹೊಸ ತಂತಿಬೇಲಿ, ಹೊಸ ಗೇಟು, ಹೊಸ ಬೋರ್ಡು. ಗೇಟಿನ ಮುಂದೆ ಕಾವಲುಗಾರ ಅಬ್ದುಲ್ ರಾದಿ ಕೋಲು ಹಿಡಿದು ನಿಂತಿದ್ದ, ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ.

"ಒಳಗೆ ಬಿಡಂಗಿಲ್ಲ ಖಾಲಾ. ಹೊಸ ಇನ್ಸ್‌ಪೆಕ್ಟರ್ ಬಂದಿದಾರೆ. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ."

"ನಿನ್ನ ಅವಳಿ ಮಕ್ಕಳು ಚೆನ್ನಾಗಿದಾರೇನಪ್ಪಾ?" ಎಂದಳು ದಹಬ್. "ಅವರ ತಾಯಿನ ಇಲ್ಲಿಗೆ ಕೈ ಹಿಡಿದು ಕರ್ಕೊಂಡು ಬಂದೋಳು ಯಾರು, ನೆನಪಿದ್ಯಾ?"

ಅಬ್ದುಲ್ ರಾದಿ ತಲೆ ತಗ್ಗಿಸಿ ಕೋಲಿನಿಂದ ಮರಳು ಕೆದಕಿದ. ಅಷ್ಟರಲ್ಲಿ ಇನ್ಸ್‌ಪೆಕ್ಟರೇ ಹೊರಗೆ ಬಂದ. ಕೈರೋದವನು, ಹೆಸರು ಹಾತಿಮ್, ಇನ್ನೂ ಮದುವೆಯಾಗದ ಹುಡುಗ. ಕೆಟ್ಟವನಲ್ಲ. ಹೆಂಗಸರನ್ನು ಗದರಿಸಿ ಅಟ್ಟಬಹುದಿತ್ತು, ಹಾಗೆ ಮಾಡದೆ ಬೇಲಿಯೊಳಗಿನ ಗೋಡೆಯನ್ನು ತೋರಿಸಿದ.

"ನೋಡಿ ಅಮ್ಮಾ, ಗೋಡೆ ಕೆರೆದು ಕೆರೆದು ಔಷಧಿಗೆ ಅಂತ ಪುಡಿ ತಗೊಂಡು ಹೋಗಿದಾರೆ. ಆ ಕಲ್ಲಿಗೆ ಎಣ್ಣೆ ಹಚ್ಚಿ ಹಚ್ಚಿ ಹಾಳಾಗಿದೆ. ಇದನ್ನ ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ."

"ಕೆರೆದಿದ್ದು ತಪ್ಪೇ. ನಾನೇ ಎಷ್ಟೋ ಜನರ ಕೈಗೆ ಹೊಡೆದಿದೀನಿ. ಆದ್ರೆ ಉಸ್ತಾದರೇ, ಅವರು ಎಲ್ಲೆಲ್ಲಿಂದಲೋ ಬರ್ತಾರೆ, ನಾವು ಇಲ್ಲಿಂದಾನೇ ಬರ್ತೀವಿ. ಇಲ್ಲಿಯವರಾಗಿದ್ದೇ ನಮ್ಮ ತಪ್ಪಾ?"

"ಅವರು ಬರೋದು ಜಿಯಾರಾಕ್ಕೆ. ನೋಡ್ಕೊಂಡು ಹೋಗ್ತಾರೆ. ನೀವು ಬರೋದು ಬೇರೆ ಏನಕ್ಕೋ."

ದಹಬಳಿಗೆ ಓದು ಬಾರದು. "ರಾವಿಯಾ, ಆ ಬೋರ್ಡಲ್ಲಿ ಏನು ಬರೆದಿದೆ ಓದೇ" ಎಂದಳು. ರಾವಿಯಾ ಓದಿದಳು: ಜಿಯಾರಾದ ಸಮಯ, ಬೆಳಿಗ್ಗೆಯಿಂದ ಸಂಜೆಯವರೆಗೆ.

"ಕೇಳಿದ್ರಾ? ನಮ್ಮ ತಾಯಂದಿರು ಶುಕ್ರವಾರ ಮನೆ ಬಿಡುವಾಗ ಹೇಳ್ತಿದ್ದಿದ್ದೂ ಇದೇ ಮಾತು. ಜಿಯಾರಾಕ್ಕೆ ಹೋಗ್ತೀವಿ, ಸಿತ್ತಿ ದರ್ಶನಕ್ಕೆ ಹೋಗ್ತೀವಿ ಅಂತ. ನಮ್ಮ ಮಾತನ್ನ ನಮ್ಮ ಬಾಯಿಂದ ಕಿತ್ಕೊಂಡು ಬೋರ್ಡಿಗೆ ಅಂಟಿಸಿ, ಈಗ ನೀವು ಬರ್ಬೇಡಿ ಅಂತೀರಲ್ಲ!"

ಹಾತಿಮ್‌ಗೆ ನಗು ತಡೆಯಲಾಗಲಿಲ್ಲ. ಟಿಕೆಟ್ ತೆಗೆದುಕೊಂಡು ಬಂದರೆ ಯಾರನ್ನೂ ತಡೆಯುವ ಹಕ್ಕು ತನಗಿಲ್ಲ, ಎಣ್ಣೆ ತರಬಾರದು, ಏನನ್ನೂ ಮುಟ್ಟಬಾರದು, ಅಷ್ಟೇ ಎಂದ. ಸುಮ್ಮನೆ ನಡೆಯುವುದಕ್ಕೆ ಅಡ್ಡಿಯಿಲ್ಲ. ಅಲ್ಲಿಗೆ ಮಾತು ಮುಗಿಸಿದ್ದರೆ ಆಗುತ್ತಿತ್ತು. ಆದರೆ ಓದಿದವರಿಗೆ ಒಂದು ಚಟವಿರುತ್ತದಲ್ಲ, ಬಾಯಿಬಿಟ್ಟ.

"ಇನ್ನೊಂದು ವಿಷಯ ಅಮ್ಮಾ. ನೀವು ಸಿತ್ತಿ ಅಂತೀರಲ್ಲ, ಅದು ಹೆಂಗಸಲ್ಲ. ಗಂಡಸು. ರಾಜನ ಉಗ್ರಾಣ ನೋಡ್ಕೊಳ್ತಿದ್ದ ಅಧಿಕಾರಿ. ಬೆನ್ನ ಮೇಲೆ ಹೆಸರು ಕೆತ್ತಿದಾರೆ."

ಹೆಂಗಸರೆಲ್ಲ ಹೊದಿಕೆಯ ಅಂಚು ಬಾಯಿಗೆ ಒತ್ತಿಕೊಂಡರು. ಒಬ್ಬಳು, "ಅಯ್ಯೋ, ನಾನು ಅವನ ತೊಡೆ ಮೇಲೆ ಕೂತಿದ್ದೆ!" ಎಂದು ಕಿರುಚಿದಳು. ದಹಬ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ತಟ್ಟನೆ ನಿಲ್ಲಿಸಿದಳು.

ಟಿಕೆಟ್ಟಿಗೆ ಕಾಸು ತಂದಿರಲಿಲ್ಲವಾದ್ದರಿಂದ ಅಂದು ಸುತ್ತು ಹಾಕದೆಯೇ ಎಲ್ಲರೂ ಹಿಂದಿರುಗಿದರು. ದಾರಿಯುದ್ದಕ್ಕೂ ದಹಬಳಿಗೆ ಗಾದನ ಮನೆಯಲ್ಲಿದ್ದ ವರ್ಷಗಳೆಲ್ಲ ಕಣ್ಣ ಮುಂದೆ ಬಂದವು. ಬಿಸಿಲಲ್ಲಿ, ಉಪವಾಸದಲ್ಲಿ, ಜ್ವರದಲ್ಲಿ, ಆ ಕಲ್ಲಿನ ಸುತ್ತ ತಾನು ನಡೆದದ್ದು. ಅಮ್ಮಾ, ನಿನಗೆ ಹೆಣ್ಣಿನ ಕಷ್ಟ ಗೊತ್ತಲ್ಲ ಎಂದು ಅದರ ಮೊಣಕಾಲಿಗೆ ಹಣೆಯಿಟ್ಟು ಬೇಡಿದ್ದು. ಉಗ್ರಾಣದ ಅಧಿಕಾರಿಯಂತೆ! ಅವಳಿಗೆ ಸಿಟ್ಟು ಬಂತು. ಕಲ್ಲಿನ ಮೇಲಲ್ಲ, ಪಾಪ ಅದೇನು ಮಾಡಿತ್ತು. ಮನೆಯಲ್ಲಿ ಹುಕ್ಕಾ ಎಳೆಯುತ್ತ ಕೂತು, ಹೋಗಿ ಬಂದ್ಯಾ ಎಂದಷ್ಟೇ ಕೇಳುತ್ತಿದ್ದ ಇನ್ನೊಬ್ಬ ಅಧಿಕಾರಿಯ ಮೇಲೆ ಸಿಟ್ಟು. ಮನೆ ಹತ್ತಿರ ಬಂದಾಗ ರಾವಿಯಾಳ ಕೈ ಹಿಡಿದು, "ಮುಂದಿನ ಶುಕ್ರವಾರ ಬಾ. ಈ ಸಲದ ಸುತ್ತು ಬೇರೆ ಥರ ಇರುತ್ತೆ" ಎಂದಳು.

ಶುಕ್ರವಾರ ಬೆಳಿಗ್ಗೆ ದಹಬ್ ರೊಟ್ಟಿ ಕೊಡುವ ನೆಪದಲ್ಲಿ ಸತೂತಾಳ ಪಕ್ಕದ ಮನೆಗೆ ಹೋಗಿ, "ಇವತ್ತು ಸತೂತಾಳ ಸೊಸೇನ ಬಿರ್ಬಾಕ್ಕೆ ಕರ್ಕೊಂಡು ಹೋಗ್ತಿದೀನಿ, ಯಾರಿಗೂ ಹೇಳ್ಬೇಡ ಕಣೇ" ಎಂದು ಗುಟ್ಟಾಗಿ ಹೇಳಿ ಬಂದಳು. ಬದನೆಕಾಯಿಯ ಸಾಕ್ಷಿ ಹೇಳಿದವಳ ಹೊಟ್ಟೆಯಲ್ಲಿ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಂದುಕೊಂಡಂತೆಯೇ ಆಯಿತು. ನಮಾಜು ಮುಗಿಯುವುದನ್ನೇ ಕಾದಿದ್ದ ಸತೂತಾ ಮಸೀದಿಯ ಬಾಗಿಲಲ್ಲೇ ಮಗನನ್ನು ಹಿಡಿದು, ಅವನ ಪಿಕಪ್ಪಿನಲ್ಲೇ ಕೂತು, ಧೂಳೆಬ್ಬಿಸಿಕೊಂಡು ಬಿರ್ಬಾದ ಗೇಟಿಗೆ ಬಂದಿಳಿದಳು.

"ಟಿಕೆಟ್" ಎಂದ ಅಬ್ದುಲ್ ರಾದಿ.

"ನನ್ನ ಸೊಸೇನ ಎಳ್ಕೊಂಡು ಹೋಗೋಕೆ ನನಗ್ಯಾಕೋ ಟಿಕೆಟ್ಟು?"

"ಸೊಸೆ ಟಿಕೆಟ್ ತಗೊಂಡೇ ಒಳಗೆ ಹೋಗಿದಾಳೆ. ಅತ್ತೆ ಅಂತ ಬೋರ್ಡಲ್ಲಿ ರಿಯಾಯ್ತಿ ಏನೂ ಬರೆದಿಲ್ಲ."

ಖಲಫ್ ಸುಮ್ಮನೆ ಹಣ ಕೊಟ್ಟ. ಒಳಗೆ ಅಂಗಳದಲ್ಲಿ ರಾವಿಯಾ ಬರಿಗಾಲಲ್ಲಿ ಕಲ್ಲಿನ ಸುತ್ತ ನಡೆಯುತ್ತಿದ್ದಳು. ಹೆಂಗಸರು ಕಂಬಗಳ ನೆರಳಲ್ಲಿ ಕೂತಿದ್ದರು. ಇನ್ಸ್‌ಪೆಕ್ಟರ್ ಹಾತಿಮ್, ಯಾರಾದರೂ ಕಲ್ಲು ಮುಟ್ಟಿಯಾರೆಂದು, ಕೈ ಕಟ್ಟಿಕೊಂಡು ಕಾವಲು ನಿಂತಿದ್ದ.

"ನಡಿಯೇ ಮನೆಗೆ!" ಎಂದು ಸತೂತಾ ಕೂಗಿದಳು. "ಊರ ಮುಂದೆ ನಮ್ಮ ಮಾನ ಹರಾಜು ಹಾಕ್ತಿದೀಯಾ? ನೀನು ಸಾವಿರ ಸುತ್ತು ಸುತ್ತಿದ್ರೂ ಇಸ್ನಾದ ಮಾತು ಮಾತೇ."

ದಹಬ್ ಎದ್ದು ಬಂದು ಅವಳ ಎದುರಿಗೆ ನಿಂತಳು.

"ಬಂದ್ಯಾ ಸತೂತಾ, ಒಳ್ಳೇದಾಯ್ತು. ಮಗನ್ನೂ ತಂದಿದೀಯ. ಖಲಫ್, ಚಪ್ಪಲಿ ಬಿಡಪ್ಪ. ನೀನೂ ಸುತ್ತು ಬಾ."

"ನನ್ನ ಮಗ ಏನು ಹೆಂಗಸಾ?"

"ಅಲ್ಲ. ಈ ಕಲ್ಲೂ ಹೆಂಗಸಲ್ಲ. ಉಸ್ತಾದರೇ, ಇದು ಯಾರು ಹೇಳಿ ಇವಳಿಗೆ."

ಹಾತಿಮ್ ತಬ್ಬಿಬ್ಬಾದ. "ಗಂಡಸು" ಎಂದ.

"ಕೇಳಿಸ್ತಾ? ನಮ್ಮಜ್ಜಿ, ನಿಮ್ಮಜ್ಜಿ, ನಾನು, ಈಗ ಈ ಹುಡುಗಿ, ಎಲ್ಲಾರೂ ಸುತ್ತಿದ್ದು ಒಬ್ಬ ಗಂಡಸಿನ ಸುತ್ತ. ಅವನು ಮೊಣಕಾಲ ಮೇಲೆ ಕೈ ಇಟ್ಕೊಂಡು ಕೂತೇ ಇದ್ದ. ಸಾಕು. ಇವತ್ತು ಒಬ್ಬ ಗಂಡಸು ಸುತ್ತಲಿ, ನಾವು ಕೂತ್ಕೊಂಡು ನೋಡ್ತೀವಿ."

ಸತೂತಾಳ ಮುಖ ಕೆಂಪಾಯಿತು. "ನಿನ್ನ ಹೊಟ್ಟೆ ಬರಿದಾಗಿದ್ದಕ್ಕೆ ಊರ ಮೇಲೆ ಸೇಡು ತೀರಿಸ್ಕೊಳ್ತೀಯಾ, ಬಂಜೆ!"

ದಹಬ್ ಇಷ್ಟು ವರ್ಷ ಬೆನ್ನ ಹಿಂದೆ ಕೇಳಿದ್ದನ್ನು ಇಂದು ಎದುರಿಗೇ ಕೇಳಿದ್ದಳು. ನೋವಾಯಿತು, ಆಗಲಿಲ್ಲವೆಂದರೆ ಸುಳ್ಳು. ಆದರೆ ಅದರ ಜೊತೆಗೇ ಏನೋ ಹಗುರವೂ ಆಯಿತು. ಇನ್ನು ಅವಳು ಯಾರ ಮುಲಾಜನ್ನೂ ಇಟ್ಟುಕೊಳ್ಳಬೇಕಾಗಿರಲಿಲ್ಲ.

"ನಿನ್ನಣ್ಣ ನನ್ನ ಬಿಟ್ಟು ಎರಡನೆಯವಳನ್ನ ತಂದ. ಅವಳ ಮೇಲೆ ಮೂರನೆಯವಳನ್ನ ತಂದ. ಆ ಮೂರನೆಯವಳು ಬರುವಾಗ ವಿಧವೆ, ಹಳೇ ಗಂಡನ ಮಗು ಸೊಂಟದ ಮೇಲಿತ್ತು. ಮರೆತ್ಯಾ? ಹಡೆದವಳೂ ಅವನ ಮನೆಗೆ ಬಂದ್ಮೇಲೆ ಬಂಜೆ ಆದಳಾ ಸತೂತಾ? ಮೂರು ಹೊಲಕ್ಕೂ ಬೀಜ ಒಂದೇ ಚೀಲದ್ದಲ್ವೇನೇ?"

"ಸತ್ತವರ ಮೇಲೆ ಮಾತಾಡ್ತೀಯಾ! ಹಾಜಿ ಮೇಲೆ!"

"ಬದುಕಿರೋಳ ಮೇಲೆ ಮಾತಾಡುವಾಗ ನಿಮಗ್ಯಾರಿಗೂ ಪಾಪ ಅನ್ನಿಸ್ಲಿಲ್ವಲ್ಲ. ನಿನಗೂ ಗೊತ್ತಿತ್ತು. ಊರಿಗೆಲ್ಲಾ ಗೊತ್ತಿತ್ತು. ಬಾಯಿ ಜೋರಿರೋ ನಾನೂ ಇಷ್ಟು ದಿನ ಹೇಳ್ಲಿಲ್ಲ. ಇವತ್ತು ಹೇಳಿದೀನಿ. ಹೋಗಿ ಮಸೀದಿ ಮುಂದೆ ನಿಂತು ಕೂಗ್ಬೇಕಾ, ಹೇಳು, ಅಲ್ಲೂ ಕೂಗ್ತೀನಿ."

ಖಲಫ್ ಪಿಕಪ್ಪಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದ. ಅವನನ್ನು ಕಂಡು ಅಂದು ದಹಬಳಿಗೆ ಕನಿಕರವೂ ಆಯಿತು. ಹೆದರಿದ್ದ ಹುಡುಗ. ತಾಯಿಗೆ ಹೆದರಿದ್ದ, ಊರಿಗೆ ಹೆದರಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ಈಗ ಕೇಳಿದ ಮಾತಿಗೆ ಹೆದರಿದ್ದ.

ಆಗ ರಾವಿಯಾ ನಡೆಯುವುದನ್ನು ನಿಲ್ಲಿಸಿದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ದಹಬ್ ಕೂಡ ಇದನ್ನು ನಿರೀಕ್ಷಿಸಿರಲಿಲ್ಲ.

"ನಾನು ಇನ್ನು ಒಬ್ಬಳೇ ಸುತ್ತಲ್ಲ" ಎಂದಳು ರಾವಿಯಾ. ದನಿ ನಡುಗುತ್ತಿತ್ತು, ಆದರೂ ಅಂಗಳಕ್ಕೆಲ್ಲ ಕೇಳಿಸಿತು. "ನೀವು ಬಂದ್ರೆ ಜೊತೇಲಿ ಸುತ್ತುತೀನಿ. ಡಾಕ್ಟರ ಹತ್ರ ಅಂದ್ರೂ ಜೊತೇಲೇ ಬರ್ತೀನಿ. ಬರಲ್ಲ ಅಂದ್ರೆ ಈ ಗೇಟಿಂದ ಸೀದಾ ನಮ್ಮಪ್ಪನ ಮನೆಗೆ ಹೋಗ್ತೀನಿ. ನನ್ನನ್ನ ಯಾರೂ ಕಳಿಸೋದು ಬೇಡ, ನಾನೇ ಹೋಗ್ತೀನಿ. ಆಮೇಲೆ ಇಸ್ನಾದವಳಿಗೂ ಹೇಳಿ ಕಳಿಸ್ತೀನಿ, ಚಪ್ಪಲಿ ಗಟ್ಟಿಯಾಗಿರೋದು ತಗೋ, ಸುತ್ತೋದು ಬಹಳ ಇದೆ ಅಂತ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಖಲಫ್ ತಾಯಿಯ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಆಮೇಲೆ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬಗ್ಗಿ, ಚಪ್ಪಲಿ ಬಿಟ್ಟ.

"ಮಗನೇ!" ಎಂದಳು ಸತೂತಾ.

"ಇರಮ್ಮಾ" ಎಂದ ಅವನು. ಅಷ್ಟೇ. ಹೋಗಿ ನಡೆಯಲು ಶುರುಮಾಡಿದ, ಉಲ್ಟಾ ದಿಕ್ಕಿಗೆ.

"ಆ ಕಡೆ ಅಲ್ವೋ! ಎಡಕ್ಕೆ! ಎಡಕ್ಕೆ ತಿರುಗೋ!" ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಹಾತಿಮ್ ಕೂಡ ತನಗೆ ಅರಿವಿಲ್ಲದೆಯೇ ಕೈಯೆತ್ತಿ ಎಡಕ್ಕೆ ತೋರಿಸಿ, ತಕ್ಷಣ ಕೈ ಇಳಿಸಿ, "ಮುಟ್ಟಬೇಡಿ" ಎಂದ. ಖಲಫ್ ತಿರುಗಿದ. ರಾವಿಯಾ ಅವನ ಪಕ್ಕಕ್ಕೆ ಬಂದಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ, ಆದರೆ ಹೆಜ್ಜೆ ಕೂಡಿಸಿ ನಡೆದರು. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಖಲಫ್ ಕಾಲು ಎತ್ತಿ ಎತ್ತಿ ಇಡುತ್ತಿದ್ದ. ಎಷ್ಟು ಸುಡುತ್ತದೆ ಎಂದು ಅವನಿಗೆ ಆಗಷ್ಟೇ ಗೊತ್ತಾಗುತ್ತಿತ್ತು.

ದಹಬ್ ಅಲ್ಲೇ ಕಂಬದ ಬುಡದಲ್ಲಿ ಕೂತು ಅತ್ತಳು. ಸಂತೋಷಕ್ಕೂ ಅತ್ತಳು, ಹೊಟ್ಟೆಕಿಚ್ಚಿಗೂ ಅತ್ತಳು. ಗಾದ್ ಈ ಅಂಗಳಕ್ಕೆ ಒಂದೇ ಒಂದು ದಿನ ಬಂದಿದ್ದರೆ, ಏನೂ ಆಗದಿದ್ದರೂ, ತಾನು ಅವನನ್ನು ಕ್ಷಮಿಸಿಬಿಡುತ್ತಿದ್ದೆ ಎನ್ನಿಸಿತು.

ಸತೂತಾ ನಿಂತು ನಿಂತು ಸೋತಳು. ಬಂದು ಅದೇ ಕಂಬದ ನೆರಳಲ್ಲಿ, ಸ್ವಲ್ಪ ದೂರದಲ್ಲಿ ಕೂತಳು. ಮಗ ಸೊಸೆ ಒಟ್ಟಿಗೆ ಸುತ್ತು ಬರುವುದನ್ನು ನೋಡುತ್ತ, ಮುಖ ತಿರುಗಿಸದೆಯೇ, ತಗ್ಗಿದ ದನಿಯಲ್ಲಿ ಕೇಳಿದಳು:

"ಇಷ್ಟಾದ್ಮೇಲೂ ಆಗ್ಲಿಲ್ಲ ಅಂದ್ರೆ?"

ದಹಬ್ ಹೊದಿಕೆಯ ಅಂಚಿನಿಂದ ಮೂಗು ಒರೆಸಿಕೊಂಡಳು.

"ಆಗ ಯಾಕಾಗ್ಲಿಲ್ಲ ಅಂತ ನಿನ್ನ ಮಗನ್ನ ಕೇಳು. ನಮ್ಮನ್ನ ಕೇಳಿದ್ದು ಸಾಕು."